ಮಂಡಿನೋವಿಗೆ ಸೂಜಿಮದ್ದು

ವಯಸ್ಸಾದಂತೆ ಮಂಡಿಯ ಮೃದ್ವಸ್ಥಿ ಸವೆಯುತ್ತದೆ. ಸವೆದದ್ದನ್ನು ಮರಳಿಸುವ ಮದ್ದಿಲ್ಲದ್ದರಿಂದ ನೋವು ತಗ್ಗಿಸುವ ದಾರಿಗಳ ಹುಡುಕಾಟ ನಡೆದೇ ಇದೆ. ಅವುಗಳಲ್ಲೊಂದು ಅಕ್ಯುಪಂಕ್ಚರ್.

ದೇಹದ ನಿಗದಿತ ಬಿಂದುಗಳಲ್ಲಿ ಸೂಜಿ ಚುಚ್ಚಿದರೆ ‘ಚೀ’ ಎಂಬ ಜೀವಶಕ್ತಿಯ ಹರಿವು ಸರಿಹೋಗುತ್ತದೆಂಬುದು ಚೀನೀಯರ ಎರಡು ಸಾವಿರ ವರ್ಷಗಳ ನಂಬಿಕೆ. ಆದರೂ 1822ರಲ್ಲಿ ಅಲ್ಲಿನ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಇದನ್ನು ಹೊರಹಾಕಿದ. 1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ತಾವು ಬೀಜಿಂಗ್‌ನಲ್ಲಿ ಪಡೆದ ಸೂಜಿಚಿಕಿತ್ಸೆಯ ಬಗ್ಗೆ ಬರೆದಾಗ ಪಶ್ಚಿಮದಲ್ಲಿ ಕುತೂಹಲ ಕೆರಳಿತು.

ಇದನ್ನು ದೊಡ್ಡ ಪ್ರಮಾಣದಲ್ಲಿ ಒರೆಗೆ ಹಚ್ಚಿದ್ದು ಜರ್ಮನಿ. ಸುಮಾರು ಸಾವಿರ ಮಂಡಿರೋಗಿಗಳ ಪೈಕಿ ಕೆಲವರಿಗೆ ನಿಗದಿತ ಬಿಂದುಗಳಲ್ಲಿ, ಕೆಲವರಿಗೆ ಬೇರೆಡೆ ಮೇಲುಮೇಲೆ ಸೂಜಿ ಚುಚ್ಚಲಾಯಿತು. ಉಳಿದವರಿಗೆ ಎಂದಿನ ಚಿಕಿತ್ಸೆ. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗುಣ ಕಂಡವರು ಕ್ರಮವಾಗಿ ಶೇ. 53, 51 ಮತ್ತು 29.

ಅಂದರೆ ಬಿಂದುಗಳ ಶಾಸ್ತ್ರ ಸೋತಿತು, ಸೂಜಿ ಗೆದ್ದಿತು! ನೋವು ಇಳಿಸಿದ್ದು ಚುಚ್ಚುವಿಕೆಯೋ, ವೈದ್ಯರ ಆರೈಕೆಯೋ, ರೋಗಿಯ ನಿರೀಕ್ಷೆಯೋ? ಉತ್ತರಕ್ಕೆ ಕಾಯದೆ ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ 2007ರಲ್ಲಿ ಮಂಡಿಸವೆತದ ನೋವಿಗೆ ಈ ಚಿಕಿತ್ಸೆಯ ವೆಚ್ಚ ಭರಿಸಲು ಆರಂಭಿಸಿತು. ಮೆಟ್ಟಿಲು ಹತ್ತಲಾಗದ ವೃದ್ಧರಿಗೆ ಬೇಕಿದ್ದುದು ಸಿದ್ಧಾಂತವಲ್ಲ, ಉಪಶಮನ. ವಿಜ್ಞಾನಕ್ಕೆ ಮಾತ್ರ ಆ ಪ್ರಶ್ನೆ ಉಳಿದೇ ಇದೆ.