ಅರಾಲ್: ಮನುಷ್ಯ ಬತ್ತಿಸಿದ ಸಮುದ್ರ

ಖ್ವಾರಝ್ಮ್ ಎಂದೊಡನೆ ನಮಗೆ ನೆನಪಾಗುವುದು ಬೀಜಗಣಿತಕ್ಕೆ ಅಡಿಪಾಯ ಹಾಕಿದ ಅಲ್ ಖ್ವಾರಝ್ಮಿ ಮತ್ತು ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿದ ಅಲ್ ಬಿರೂನಿ. ಮಧ್ಯ ಏಷ್ಯಾದ ಆ ನಾಡಿಗೆ ಜೀವ ತುಂಬಿದ್ದು ಆಮು ದರ್ಯಾ ನದಿ. ಅರಬ್ ಭೂಗೋಳಕಾರರು ಅದನ್ನು ಜೈಹೂನ್ ಎಂದೂ, ಉತ್ತರದ ಸಿರ್ ದರ್ಯಾವನ್ನು ಸೈಹೂನ್ ಎಂದೂ ಕರೆದರು. ಮರುಭೂಮಿಯ ನಡುವೆ ಇವೆರಡೂ ಸೇರಿ ತುಂಬಿಸುತ್ತಿದ್ದ ಸರೋವರಕ್ಕೆ, ಅದರ ವಿಸ್ತಾರ ಕಂಡು, ಜನ ಸಮುದ್ರವೆಂದೇ ಹೆಸರಿಟ್ಟರು. 1960ರಲ್ಲಿ ಅರಾಲ್ ಸಮುದ್ರದ ವಿಸ್ತೀರ್ಣ ಸುಮಾರು 68,000 ಚದರ ಕಿಲೋಮೀಟರ್. ಜಗತ್ತಿನ ಸರೋವರಗಳಲ್ಲಿ ಅದು ನಾಲ್ಕನೆಯದು. ಇಂದು ಅದರ ಬಹುಭಾಗ ಅರಾಲ್‌ಕುಮ್ ಎಂಬ ಹೊಸ ಮರುಭೂಮಿ.

ಈ ನದಿಯ ಮೇಲೆ ಮನುಷ್ಯ ಕೈ ಮಾಡಿದ್ದು ಅದೇ ಮೊದಲಲ್ಲ. ಆಮು ದರ್ಯಾ ಪಾತ್ರ ಬದಲಿಸುತ್ತಾ ಬಂದುದನ್ನು 11ನೇ ಶತಮಾನದಲ್ಲೇ ಬಿರೂನಿ ಚರ್ಚಿಸಿದ್ದರು. 1221ರಲ್ಲಿ ಮಂಗೋಲರು ಗುರ್ಗಂಜ್ ನಗರದ ಕಟ್ಟೆಗಳನ್ನು ಒಡೆದಾಗ ನೀರು ಪಶ್ಚಿಮಕ್ಕೆ ಹರಿಯಿತು. ಆದರೆ ಮುಂದಿನ ಶತಮಾನಗಳಲ್ಲಿ ನದಿ ಮತ್ತೆ ಅರಾಲ್‌ನತ್ತ ಹೊರಳಿತು. ಮಂಗೋಲರ ಸೇನೆಗಿಂತ ದೊಡ್ಡ ಹಾನಿಯನ್ನು ಮಾಡಿದ್ದು ಹತ್ತಿ!

1860ರ ದಶಕದ ಅಮೆರಿಕದ ಅಂತರ್ಯುದ್ಧದಿಂದ ಜಗತ್ತಿಗೆ ಹತ್ತಿಯ ಬರ ಬಂತು. ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿದ್ದೂ ಆಗಲೇ. ತುರ್ಕಿಸ್ತಾನವನ್ನು ಗೆಲ್ಲುತ್ತಿದ್ದ ರಷ್ಯಾದ ಝಾರ್ ಆಡಳಿತ ಅಲ್ಲಿ ಹತ್ತಿ ಬೆಳೆಸತೊಡಗಿತು. ಅದನ್ನು ಬೃಹತ್ ಯೋಜನೆಯಾಗಿ ಬೆಳೆಸಿದ್ದು ಸೋವಿಯತ್ ಸರಕಾರ. 1954ರಲ್ಲಿ ಕಾರಾಕುಮ್ ಕಾಲುವೆಯ ಕೆಲಸ ಆರಂಭವಾಯಿತು. ಮರಳಿನಲ್ಲಿ ತೋಡಿದ ಕಾಲುವೆಗಳಿಂದ ಅಪಾರ ನೀರು ಇಂಗಿ, ಆವಿಯಾಗಿ ಹೋಯಿತು. ಸಮುದ್ರ ಬತ್ತುವುದೆಂದು ಯೋಜಕರಿಗೆ ತಿಳಿಯದಿರಲಿಲ್ಲ. ‘ಬಿಳಿ ಚಿನ್ನ’ದ ಮುಂದೆ ಅದು ಅವರಿಗೆ ಸಣ್ಣ ನಷ್ಟವಾಗಿ ಕಂಡಿತು.

1980ರ ದಶಕದ ಆರಂಭಕ್ಕೆ ಮೀನುಗಾರಿಕೆ ನಿಂತಿತು. ಆ ದಶಕದ ಕೊನೆಗೆ ಸಮುದ್ರ ಎರಡು ತುಂಡಾಯಿತು. 2014ರಲ್ಲಿ ದಕ್ಷಿಣದ ಪೂರ್ವಭಾಗ ಪೂರ್ತಿ ಒಣಗಿತು. ಉಝ್ಬೆಕಿಸ್ತಾನದ ಬಂದರು ಪಟ್ಟಣ ಮೊಯ್ನಾಕ್‌ನಲ್ಲಿ ಹಡಗುಗಳು ಇಂದಿಗೂ ಮರಳಿನಲ್ಲಿ ತುಕ್ಕು ಹಿಡಿದು ನಿಂತಿವೆ.

ನೀರಿನೊಂದಿಗೆ ಹವಾಮಾನವೂ ಹೋಯಿತು. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಆದ್ದರಿಂದಲೇ ಅರಾಲ್ ಬೇಸಗೆಯ ಝಳವನ್ನೂ ಸೈಬೀರಿಯಾದ ಚಳಿಗಾಳಿಯನ್ನೂ ತಗ್ಗಿಸುತ್ತಿತ್ತು. ಅದು ಬತ್ತಿದ ಮೇಲೆ ಬೇಸಗೆ ಇನ್ನಷ್ಟು ಬಿಸಿಯಾಯಿತು, ಚಳಿಗಾಲ ಇನ್ನಷ್ಟು ಕಠಿಣವಾಯಿತು, ಹಿಮರಹಿತ ದಿನಗಳು ಕಡಿಮೆಯಾದವು. ಯಾವ ಹತ್ತಿಗಾಗಿ ಸಮುದ್ರವನ್ನು ಬಲಿ ಕೊಟ್ಟರೋ ಆ ಹತ್ತಿಗೇ ಬೆಳೆಯುವ ಅವಧಿ ಸಾಲದಾಯಿತು. ಬತ್ತಿದ ತಳದಿಂದ ಉಪ್ಪು ಮತ್ತು ಕೀಟನಾಶಕ ಬೆರೆತ ಧೂಳು ಎದ್ದು ಕರಕಲ್ಪಾಕ್ ಜನರ ಹೊಲ, ಬಾವಿ, ಶ್ವಾಸಕೋಶಗಳನ್ನು ಸೇರಿತು. ಬೆಲೆ ತೆತ್ತವರು ಯೋಜನೆ ಬರೆದವರಲ್ಲ.

ಮನುಷ್ಯ ಹವಾಮಾನವನ್ನು ಬದಲಿಸಬಲ್ಲನೇ ಎಂದು ಇನ್ನೂ ಕೇಳುವವರಿದ್ದಾರೆ. ಅರಾಲ್ ಒಂದು ಸೀಮೆಯ ಉತ್ತರ. ಕಲ್ಲಿದ್ದಲು ಮತ್ತು ತೈಲ ಇಡೀ ಭೂಮಿಯ ಉತ್ತರ. ಕೈಗಾರಿಕಾ ಯುಗಕ್ಕೆ ಮೊದಲು ವಾತಾವರಣದ ಪ್ರತಿ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಈ ಶಾಖಕ್ಕೆ ಜೈಹೂನ್, ಸೈಹೂನ್‌ಗಳ ತವರಾದ ಪಾಮೀರ್, ತಿಯಾನ್ ಶಾನ್ ಪರ್ವತಗಳ ಹಿಮನದಿಗಳೂ ಕರಗುತ್ತಿವೆ.

ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂಬ ಪಾಠವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಭೂಮಿ ನಮ್ಮ ಸೊತ್ತಲ್ಲ, ಅಮಾನತ್ ಎಂದೂ ಹೇಳುತ್ತೇವೆ. ಆದರೆ ನದಿಯನ್ನೇ ಪೋಲು ಮಾಡಿದ ಯೋಜನೆಗಳನ್ನು ಪ್ರಗತಿಯೆಂದು ಕರೆಯುವಾಗ ಆ ಪಾಠ ನಮಗೆ ನೆನಪಾಗುವುದಿಲ್ಲ.

ಹಾಗೆಂದು ಹತಾಶರಾಗಬೇಕಿಲ್ಲ. ಕಝಾಕಿಸ್ತಾನವು ವಿಶ್ವಬ್ಯಾಂಕಿನ ನೆರವಿನಿಂದ 2005ರಲ್ಲಿ ಕೋಕ್-ಅರಾಲ್ ಅಣೆಕಟ್ಟನ್ನು ಮುಗಿಸಿತು. ಉತ್ತರದ ಸಣ್ಣ ಅರಾಲ್‌ನಲ್ಲಿ ನೀರು ನಿರೀಕ್ಷೆಗಿಂತ ಬೇಗ ಏರಿತು, ಉಪ್ಪಿನಂಶ ತಗ್ಗಿತು, ಮೀನುಗಳೂ ಮೀನುಗಾರರೂ ಮರಳಿದರು. ದಕ್ಷಿಣದ ಸಮುದ್ರ ಮಾತ್ರ ಮರಳಲಿಲ್ಲ. ಕೆಡಿಸಿದ್ದು ಮನುಷ್ಯನ ಕೈ. ಒಂದಿಷ್ಟನ್ನಾದರೂ ಸರಿಪಡಿಸಿದ್ದೂ ಅದೇ ಕೈ. ತಡಮಾಡಿದಷ್ಟೂ ಉಳಿಸಿಕೊಳ್ಳಬಹುದಾದದ್ದು ಕಡಿಮೆಯಾಗುತ್ತದೆ ಎಂಬುದನ್ನು ಅರಾಲ್‌ನ ಎರಡು ದಡಗಳು ನಮಗೆ ಹೇಳುತ್ತಿವೆ.