ಮೇಜಿನ ಸುತ್ತ ಹುಟ್ಟಿದ ಕತೆ

ಕತೆಯೊಂದು ಬಾಯಿಂದ ಪುಸ್ತಕಕ್ಕೆ, ಪುಸ್ತಕದಿಂದ ತೆರೆಗೆ ಸಾಗುವಾಗ ದಾರಿಯಲ್ಲಿ ಏನನ್ನೋ ಕಳೆದುಕೊಳ್ಳುತ್ತದೆ. ಅದೇನೆಂದು ನಮಗೆ ತಿಳಿಸಿಕೊಟ್ಟವನು ಅಕ್ಕನ ಮಗ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಆತ ರಜೆಯ ದಿನಗಳಲ್ಲಿ ಗೆಳೆಯರೊಡನೆ ಮೇಜಿನ ಸುತ್ತ ಕುಳಿತು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಆಡುತ್ತಾನೆ. ಈದ್‌ಗೆ ಊರಿಗೆ ಬಂದಾಗ 'ಡ್ರ್ಯಾಗನ್‌ಲ್ಯಾನ್ಸ್: ಡ್ರ್ಯಾಗನ್ಸ್ ಆಫ್ ಆಟಮ್ ಟ್ವೈಲೈಟ್' ಎಂಬ 2008ರ ಅನಿಮೇಷನ್ ಚಿತ್ರವನ್ನು ನಮಗೆ ತೋರಿಸಿದ. "ಕತೆ ಚೆನ್ನಾಗಿದೆಯಲ್ಲ?" ಎಂದೆವು. "ಚೆನ್ನಾಗಿದೆ ಮಾಮೂ, ಆದರೆ ಇದರಲ್ಲಿ ನಮಗೇನೂ ಕೆಲಸವಿಲ್ಲ" ಎಂದ.

ಈ ಮಾತು ಅರ್ಥವಾಗಬೇಕಾದರೆ ಆಟದ ಇತಿಹಾಸ ನೋಡಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಿಂದ ಹೊರತಂದರು. ಒಬ್ಬ ಕತೆಯ ಸನ್ನಿವೇಶ ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಫಲಿಸಿತೇ ಇಲ್ಲವೇ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ನಮ್ಮ ಪಗಡೆಯಂತೆ ಇದರಲ್ಲಿ ಗೆದ್ದವರು, ಸೋತವರು ಎಂದಿಲ್ಲ. ಅರಬ್ಬೀ ಕತೆಗಳ ಜಿನ್ನ್, ಇಫ್ರೀತ್‌ಗಳೂ ಮೊದಲ ಪುಸ್ತಿಕೆಗಳಲ್ಲೇ ಅಲ್ಲಿಗೆ ಹೋಗಿ ಸೇರಿದ್ದವು.

ಈ ಆಟದ ಕಂಪನಿಯಾದ ಟಿ.ಎಸ್.ಆರ್.ಗೆ 1982ರಲ್ಲಿ ಟ್ರೇಸಿ ಹಿಕ್‌ಮನ್ ಸೇರಿದರು. ಕೆಲಸಕ್ಕೆಂದು ಯೂಟಾದಿಂದ ವಿಸ್ಕಾನ್ಸಿನ್‌ಗೆ ಕಾರಿನಲ್ಲಿ ಹೋಗುವಾಗ, ದಾರಿಯುದ್ದಕ್ಕೂ ಅವರೂ ಪತ್ನಿ ಲಾರಾ ಅವರೂ ಮಾತಾಡಿಕೊಂಡ ಕಲ್ಪನೆಯೇ ಡ್ರ್ಯಾಗನ್‌ಲ್ಯಾನ್ಸ್ ಲೋಕದ ಬೀಜ. 1984ರಲ್ಲಿ ಮೊದಲು ಆಟವಾಗಿ, ಅದೇ ವರ್ಷ ಹಿಕ್‌ಮನ್ ಮತ್ತು ಮಾರ್ಗರೆಟ್ ವೀಸ್ ಬರೆದ ಕಾದಂಬರಿಯಾಗಿ ಅದು ಪ್ರಕಟವಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಆಡಿ ನೋಡುವಾಗ ಟೆರಿ ಫಿಲಿಪ್ಸ್ ಎಂಬವರಿಗೆ ರೇಸ್ಟ್‌ಲಿನ್ ಎಂಬ ರೋಗಿಷ್ಠ ಮಾಂತ್ರಿಕನ ಪಾತ್ರ ಬಂತು. ಅವರು ಒಡಕು ದನಿಯಲ್ಲಿ ಪಿಸುಗುಟ್ಟುತ್ತಾ ಮಾತಾಡಿದರು. ಆ ದನಿಯೇ ಕಾದಂಬರಿಯ ರೇಸ್ಟ್‌ಲಿನ್‌ಗೆ ಜೀವ ಕೊಟ್ಟಿತು. ಓದುಗರು ಮೆಚ್ಚಿದ ಪಾತ್ರವೊಂದು ಲೇಖಕನ ಏಕಾಂತದಲ್ಲಲ್ಲ, ಗೆಳೆಯರ ಮಾತಿನ ನಡುವೆ ರೂಪುಗೊಂಡಿತ್ತು.

ಸುಮಾರು ಕಾಲು ಶತಮಾನದ ಬಳಿಕ ಬಂದ ಚಿತ್ರದಲ್ಲಿ ಆ ದನಿ ಖ್ಯಾತ ನಟ ಕೀಫರ್ ಸದರ್‌ಲ್ಯಾಂಡ್‌ದು. ವಿಲ್ ಮೋನಿಯೋ ನಿರ್ದೇಶಿಸಿದ ಈ ಚಿತ್ರದ ನಿರ್ಮಾಣದಲ್ಲಿ ತಿರುವನಂತಪುರದ ಟೂನ್ಜ್ ಸಂಸ್ಥೆಯೂ ಪಾಲ್ಗೊಂಡಿತ್ತು. ಮನುಷ್ಯರನ್ನು ಹಳೆಯ ಶೈಲಿಯ ಚಿತ್ರಗಳಾಗಿಯೂ ಡ್ರ್ಯಾಗನ್‌ಗಳನ್ನು ಕಂಪ್ಯೂಟರಿನ ಮೂರು ಆಯಾಮದಲ್ಲಿಯೂ ತೋರಿಸಿದ್ದರಿಂದ ಎರಡೂ ಒಂದೇ ಲೋಕದವು ಎನಿಸುವುದಿಲ್ಲ. ದಪ್ಪ ಕಾದಂಬರಿ ಒಂದೂವರೆ ಗಂಟೆಯೊಳಗೆ ಓಡಿ ಮುಗಿಯುತ್ತದೆ. ಮುಂದಿನ ಎರಡು ಕಾದಂಬರಿಗಳು ಚಿತ್ರವಾಗಲೇ ಇಲ್ಲ.

ಆದರೆ ಹುಡುಗನ ಕೊರಗು ಚಿತ್ರದ ಗುಣಮಟ್ಟದ್ದಲ್ಲ. ಕಾದಂಬರಿ ಓದುವಾಗ ರೇಸ್ಟ್‌ಲಿನ್‌ನ ಪಿಸುಮಾತನ್ನು ಓದುಗ ತನ್ನ ಕಿವಿಯಲ್ಲಿ ತಾನೇ ಕಟ್ಟಿಕೊಳ್ಳುತ್ತಾನೆ. ಅಷ್ಟಾದರೂ ಕೆಲಸ ಅವನಿಗಿದೆ. ತೆರೆಯ ಮೇಲೆ ಎಲ್ಲವೂ ಸಿದ್ಧ.

ಉರ್ದು ಓದಿದ ನಮಗೆ ಇಲ್ಲಿ ದಾಸ್ತಾನ್‌ಗೋಗಳು ನೆನಪಾದರು. ಅಮೀರ್ ಹಮ್ಜಾನ ದಾಸ್ತಾನನ್ನು ಅವರು ಮಜಲಿಸಿನ ಮುಖ ನೋಡಿ ಹಿಗ್ಗಿಸುತ್ತಿದ್ದರು, ಕುಗ್ಗಿಸುತ್ತಿದ್ದರು. ಲಖ್ನೋದ ನವಲ್ ಕಿಶೋರ್ ಮುದ್ರಣಾಲಯ ಅದನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿ ಉಳಿಸಿತು. ಆ ಉಪಕಾರ ಸಣ್ಣದಲ್ಲ. ಆದರೂ 1928ರಲ್ಲಿ ದಿಲ್ಲಿಯ ಮೀರ್ ಬಾಖರ್ ಅಲಿ ತೀರಿಕೊಂಡಾಗ ಅವರೊಂದಿಗೆ ಆ ಮಜಲಿಸೂ ಎದ್ದುಹೋಯಿತು. ದಿಲ್ಲಿಯಲ್ಲಿ ಅದು ಮತ್ತೆ ಕೂಡಿದ್ದು 2005ರಲ್ಲಿ, ಶಮ್ಸುರ್ರಹ್ಮಾನ್ ಫಾರೂಖಿ ಮತ್ತು ಮಹಮೂದ್ ಫಾರೂಖಿಯವರ ಪ್ರಯತ್ನದಿಂದ.

ಮಕ್ಕಳು ಪರದೆಗೆ ಅಂಟಿಕೊಂಡರು ಎಂದು ನಾವು ದೂರುತ್ತೇವೆ. ಅವರ ಕೈಗೆ ಪರದೆ ಕೊಟ್ಟು, ನಾನಿಯ ಕತೆಗೆ 'ಹೂಂ' ಗುಟ್ಟುವ ಕೆಲಸವನ್ನು ಕಿತ್ತುಕೊಂಡವರು ಯಾರು? ನಾವೇ ಅಲ್ಲವೇ? ಈಗ ಅವರಲ್ಲಿ ಕೆಲವರು ಪರದೆ ಬಿಟ್ಟು ಮೇಜಿಗೆ ಮರಳಿದ್ದಾರೆ.

ಆ ರಾತ್ರಿ ಹುಡುಗ ಇಪ್ಪತ್ತು ಮುಖಗಳ ದಾಳವನ್ನು ನಮ್ಮ ಮುಂದಿಟ್ಟ. "ಹಾಳು ಕೋಟೆಯ ಬಾಗಿಲಲ್ಲಿ ನಿಂತಿದ್ದೀರಿ ಮಾಮೂ, ಒಳಗೆ ಯಾರೋ ಕೆಮ್ಮುತ್ತಿದ್ದಾರೆ. ಏನು ಮಾಡುತ್ತೀರಿ?" ಇಪ್ಪತ್ತು ವರ್ಷಗಳಿಂದ ಕತೆ ಬರೆಯುತ್ತಿರುವ ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅಕ್ಕನೇ ಅಡುಗೆಮನೆಯಿಂದ ಹೇಳಿದಳು: "ಮೊದಲು ಸಲಾಂ ಹೇಳು, ಆಮೇಲೆ ಒಳಗೆ ಹೋಗು."