ನಂಜು ಕರೆಯುವ ಕಸುಬು

ಹಸುವಿನ ಹಾಲು ಕರೆಯುವ ಕಸುಬು ಅತ್ಯಂತ ಪುರಾತನವಾದುದು. ಹಾವಿನ ವಿಷ ತೆಗೆಯುವುದೂ ತಕ್ಕಮಟ್ಟಿಗೆ ಹಳೆಯದೇ. ಆದರೆ ಜೇಡದ ಕೋರೆಯಿಂದ ನಂಜನ್ನು ಹನಿಹನಿಯಾಗಿ ಕರೆದು ಕೂಡಿಡುವ ವೃತ್ತಿಯು, ಆಸ್ಟ್ರೇಲಿಯದ ಸಿಡ್ನಿ ನಗರದ ಸೀಮೆಯಲ್ಲಿ, ಬೇರೆ ಗತಿಯಿಲ್ಲದೆ ಬೆಳೆದುಬಂದದ್ದು.

ಅಲ್ಲಿಯ ತೇವದ ನೆಲದಲ್ಲಿ, ಕಲ್ಲುಬಂಡೆಗಳ ಅಡಿಯಲ್ಲಿ, ಆಲಿಕೆಯಂತೆ ಬಾಯಗಲಿಸಿದ ಬಲೆಯನ್ನು ನೇಯ್ದು ವಾಸಿಸುವ ಫನೆಲ್‌ವೆಬ್ ಜೇಡಕ್ಕೆ 1877ರಲ್ಲಿ ಶಾಸ್ತ್ರೀಯ ನಾಮವನ್ನಿತ್ತವನು ಪಿಕಾರ್ಡ್-ಕೇಂಬ್ರಿಜ್ ಎಂಬ ಇಂಗ್ಲೆಂಡಿನ ಪಾದ್ರಿ. ಅರ್ಧ ಶತಮಾನದ ತರುವಾಯ, 1927ರಲ್ಲಿ, ಒಂದು ಎಳೆಯ ಮಗುವಿನ ಮರಣದೊಡನೆ ಅದರ ಪ್ರತಾಪ ದಾಖಲೆಗೆ ಬಂದಿತು. 1980ರ ವೇಳೆಗೆ ಸತ್ತವರ ಸಂಖ್ಯೆ 13. ಹೆಣ್ಣನ್ನರಸಿ ಬಿಲವನ್ನು ತೊರೆದು, ದಾರಿತಪ್ಪಿ ಮನೆಗಳೊಳಗೆ ನುಸುಳುವ ಗಂಡಿನ ನಂಜೇ ಹೆಣ್ಣಿನದಕ್ಕಿಂತ ಉಗ್ರವಾದುದು.

ನಮ್ಮ ನರತಂತುವಿನ ಪೊರೆಯಲ್ಲಿ ಸೋಡಿಯಂ ಕಣಗಳು ಒಳನುಗ್ಗಲು ಸೂಕ್ಷ್ಮವಾದ ದ್ವಾರಗಳುಂಟು. ಸಂದೇಶವೊಂದು ಬಂದಾಗ ಅವು ಸೆಕೆಂಡಿನ ಸಾವಿರದೊಂದು ಪಾಲಿನಷ್ಟು ಹೊತ್ತು ತೆರೆದು ತಾವಾಗಿ ಮುಚ್ಚಿಕೊಳ್ಳುವುವು. ಕೇವಲ 42 ಅಮೈನೋ ಆಮ್ಲಗಳ ಸರಪಣಿಯಾದ ಈ ನಂಜಿನ ಮಾರಕಾಂಶವು ಆ ಕದಕ್ಕೆ ಅಡ್ಡಗಾಲಿಟ್ಟು ಅದನ್ನು ಮುಚ್ಚಗೊಡದು. ಒಮ್ಮೆ ಮಿಡಿದು ಸುಮ್ಮನಾಗಬೇಕಾದ ನರವು ಮೇಲಿಂದ ಮೇಲೆ ಮಿಡಿಯತೊಡಗುವುದು. ಕಡಿದೆಡೆಯ ಕಡುನೋವು, ನಾಲಗೆಯ ಅದುರು, ಧಾರೆಗಟ್ಟುವ ಬೆವರು, ಜೊಲ್ಲು, ಕಣ್ಣೀರು, ಸೆಟೆದು ನಿಲ್ಲುವ ರೋಮ ಎಲ್ಲವೂ ಮುಚ್ಚದ ಕದದ ಫಲವೇ. ಮನುಷ್ಯನನ್ನೂ ಕೋತಿಯನ್ನೂ ಕೊಲ್ಲಬಲ್ಲ ಈ ನಂಜು ಮೊಲವನ್ನು ಹೆಚ್ಚಾಗಿ ಬಾಧಿಸದೆಂಬುದು ಸೋಜಿಗ. ಮದ್ದಿನ ದಾರಿ ತೆರೆದದ್ದೂ ಆ ಮೊಲದಿಂದಲೇ.

ಮೆಲ್ಬರ್ನಿನ ಕಾಮನ್‌ವೆಲ್ತ್ ಸೀರಂ ಪ್ರಯೋಗಶಾಲೆಯಲ್ಲಿ ಸಾಲ್ ವೀನರ್ ಅವರು 1956ರಲ್ಲಿ ರೆಡ್‌ಬ್ಯಾಕ್ ಎಂಬ ಬೇರೊಂದು ಜೇಡಕ್ಕೆ ಪ್ರತಿವಿಷವನ್ನು ಸಿದ್ಧಪಡಿಸಿದರಾದರೂ ಫನೆಲ್‌ವೆಬ್ ಅವರಿಗೆ ಒಲಿಯಲಿಲ್ಲ. ಕಾಲು ಶತಮಾನದ ಮೇಲೆ, ಅದೇ ಸಂಸ್ಥೆಯ ಸ್ಟ್ರುವಾನ್ ಸದರ್ಲೆಂಡ್, ಮೊಲಗಳಿಗೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ನಂಜನ್ನು ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ ಮದ್ದನ್ನು ಸಾಧಿಸಿದರು. 1981ರ ಆದಿಯಲ್ಲಿ ಮೊದಲ ರೋಗಿ ಅದರಿಂದ ಬದುಕಿಕೊಂಡನು.

ಆದರೆ ಮೊಲಕ್ಕೆ ಚುಚ್ಚಲು ನಂಜು ಬೇಕು, ನಂಜಿಗೆ ಜೇಡ ಬೇಕು. ಸಿಡ್ನಿಯ ಉತ್ತರಕ್ಕಿರುವ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕಿನಲ್ಲಿ ಆ ಕೆಲಸ ನಡೆಯುತ್ತ ಬಂದಿದೆ. ಕೆಣಕಿದೊಡನೆ ಜೇಡವು ಓಡಿಹೋಗದೆ, ಮುಂಗಾಲುಗಳನ್ನೆತ್ತಿ, ಕೋರೆಗಳನ್ನು ಮಸೆದು ನಿಲ್ಲುವುದು. ಕೋರೆಯ ತುದಿಯಲ್ಲಿ ಮೂಡುವ ತಿಳಿಹನಿಯನ್ನು ಸಣ್ಣ ಗಾಜಿನ ನಳಿಕೆಯಿಂದ ಹೀರಿಕೊಳ್ಳುವರು. ಒಂದು ಜೇಡದಿಂದ ದೊರೆವುದು ಕಣ್ಣಿಗೆ ಕಾಣುವಷ್ಟೇ. ಆದಕಾರಣ ಜೇಡಗಳನ್ನು ಹಿಡಿದು ತರಬೇಕೆಂದು ಜನರನ್ನೇ ಕೇಳಿಕೊಳ್ಳುವ ವಾಡಿಕೆ ಬಿದ್ದಿತು. ಚಪ್ಪಲಿಯಿಂದ ಹೊಸಕಿಹಾಕಬಹುದಾಗಿದ್ದ ಪ್ರಾಣಿಯನ್ನು ಜಾಡಿಗೆ ತಳ್ಳಿ, ಮುಚ್ಚಳ ಬಿಗಿದು ಹೊತ್ತುತರುವ ಈ ಅನಾಮಧೇಯ ಗೃಹಸ್ಥರಿಗೆ ವಿಜ್ಞಾನಿಗಳಷ್ಟೇ ಕೀರ್ತಿ ಸಲ್ಲಬೇಕೆಂದು ನನ್ನ ಮತ. ಪ್ರತಿವಿಷ ಬಳಕೆಗೆ ಬಂದ ಮೇಲೆ ಈ ಜೇಡದ ಕಡಿತದಿಂದ ಸಾವು ಸಂಭವಿಸಿದ್ದು ದಾಖಲಾಗಿಲ್ಲ.